22 ತಿಂಗಳ ಮಗನಿಗೆ ಹದಿನಾಲ್ಕೇ ಮಾತು: ಕಾಯಬೇಕೇ, ತೋರಿಸಬೇಕೇ?

ಪುತ್ತೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಮೊನ್ನೆ 22 ತಿಂಗಳು ತುಂಬಿತು. ನನ್ನ ತವರಿನ ಮಾತು ತುಳು, ಪತಿಯವರದು ಹಾಸನ ಕಡೆಯ ಕನ್ನಡ, ಬೆಂಗಳೂರಿನ ನಮ್ಮ ಮನೆಯಲ್ಲಿ ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವ ಆಯಾ ತಮಿಳಿನವರು. ಕಳೆದ ವಾರ ಅವನು ಆಡುವ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನೋಡಿದೆ: ಅಮ್ಮ, ಅಪ್ಪ, ಅಜ್ಜಿ, ಬಾ, ತಾ, ಬುವ್ವ, ನೀರಿಗೆ "ನೀ", ಮಲಗುವುದಕ್ಕೆ "ಜೋಜೋ", ಹಸುವಿಗೆ "ಅಂಬಾ", ಕಾಗೆಗೆ "ಕಾಕಾ", ಟಾಟಾ, ಬೆಕ್ಕಿಗೆ ತುಳುವಿನ "ಪುಚ್ಚೆ", ಬೇಡ ಎನ್ನುವುದಕ್ಕೆ ತುಳುವಿನ ಬೊಡ್ಚಿಯನ್ನು ತಿರುಚಿದ "ಬೊಚ್ಚಿ", ಹಾಲಿಗೆ ತಮಿಳಿನ "ಪಾಲ್". ಒಟ್ಟು ಹದಿನಾಲ್ಕು. ಎರಡು ಮಾತನ್ನು ಜೋಡಿಸಿ ಹೇಳಿದ್ದು ಇನ್ನೂ ಇಲ್ಲ.

ಅತ್ತೆಯವರು "ಇವನಪ್ಪನಿಗೂ ಮೂರು ತುಂಬಿದ ಮೇಲೆಯೇ ಮಾತು ಬಂದದ್ದು, ಗಂಡು ಮಕ್ಕಳು ಹಾಗೆಯೇ" ಎನ್ನುತ್ತಾರೆ. ನಾವು ತೋರಿಸಿದ ವೈದ್ಯರೊಬ್ಬರು ಮೂರು ವರ್ಷದವರೆಗೆ ಯೋಚಿಸಬೇಡಿ ಎಂದರು. ಆಟದ ಶಾಲೆಯೊಂದರಲ್ಲಿ ಮೂರು ಭಾಷೆ ಸೇರಿದ್ದರಿಂದಲೇ ಹೀಗಾಗಿದೆ, ಒಂದನ್ನೇ ಇಟ್ಟುಕೊಳ್ಳಿ ಎಂದರು. ಪಕ್ಕದ ಮನೆಯವರು ಬಜೆ ತೇಯ್ದು ನಾಲಗೆಗೆ ಹಚ್ಚಲು ಹೇಳಿದ್ದಾರೆ. ಇವರಲ್ಲಿ ಯಾರ ಮಾತನ್ನು ಕೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ಈ ವಯಸ್ಸಿಗೆ ನಿಜವಾಗಿ ಎಷ್ಟು ಮಾತು ಬರಬೇಕು?

ವಾಕ್ ಚಿಕಿತ್ಸಕಿ, ಮೈಸೂರು

ಮಗುವನ್ನು ಕಣ್ಣಾರೆ ನೋಡದೆ ನಾನು ಏನನ್ನೂ ತೀರ್ಮಾನಿಸಲಾರೆ. ಆದರೆ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಬದಲಿಸಿಕೊಂಡರೆ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಷ್ಟು ಮಾತು ಆಡುತ್ತಾನೆ ಎಂಬುದನ್ನು ಕೇಳುವುದಕ್ಕೆ ಮೊದಲು, ಎಷ್ಟು ಮಾತು ಅವನಿಗೆ ತಿಳಿಯುತ್ತದೆ, ತಿಳಿಸಬೇಕಾದದ್ದನ್ನು ಅವನು ಹೇಗೆ ತಿಳಿಸುತ್ತಾನೆ ಎಂದು ನಾವು ಕೇಳುತ್ತೇವೆ. ಆಡುವ ಮಾತಿಗಿಂತ ತಿಳಿಯುವ ಮಾತು ಎಂದಿಗೂ ಮುಂದಿರುತ್ತದೆ. ಹತ್ತು ಮಾತು ಆಡುವ ಮಗುವಿಗೆ ನೂರು ಮಾತು ತಿಳಿದಿರುವುದು ಅಪರೂಪವೇನಲ್ಲ.

ಸಾಮಾನ್ಯ ಬೆಳವಣಿಗೆಯ ಹಾದಿ ಹೀಗಿದೆ. ಎರಡು ಮೂರು ತಿಂಗಳಿಗೆ ಮಗು ಹೊಟ್ಟೆ ತುಂಬಿ ಖುಷಿಯಾಗಿದ್ದಾಗ "ಊ", "ಆ" ಎಂದು ಸ್ವರ ತೆಗೆಯುತ್ತದೆ. ಆರರಿಂದ ಹತ್ತು ತಿಂಗಳೊಳಗೆ "ಬಬಬ", "ದದದ" ಎಂಬ ಸರಮಾಲೆ ಶುರುವಾಗುತ್ತದೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದೂ ಸುಮಾರಾಗಿ ಅದೇ ಕಾಲಕ್ಕೆ. ವರ್ಷದ ಆಸುಪಾಸಿನಲ್ಲಿ ಮೊದಲ ನಿಜವಾದ ಮಾತು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆರಳು ತೋರಿಸುವುದು ಬರುತ್ತದೆ. ಬೇಕೆಂದು ತೋರಿಸುವುದು ಒಂದು ಬಗೆ. ಆಕಾಶದಲ್ಲಿ ವಿಮಾನ ಕಂಡಾಗ ಅದನ್ನು ತೋರಿಸಿ, ಕೂಡಲೇ ನಿಮ್ಮ ಮುಖ ನೋಡಿ, ನೀವೂ ಕಂಡಿರಾ ಎಂದು ಖಚಿತಪಡಿಸಿಕೊಳ್ಳುವುದು ಇನ್ನೊಂದು ಬಗೆ, ಮತ್ತು ನಾವು ಬಹಳ ಬೆಲೆ ಕೊಡುವುದು ಇದಕ್ಕೆ. ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ಹೆಚ್ಚಿನ ಮಕ್ಕಳ ಮಾತು ಐವತ್ತನ್ನು ದಾಟಿ, "ಅಪ್ಪ ಟಾಟಾ", "ನೀರು ಬೇಡ" ಎಂಬಂಥ ಜೋಡಿಗಳು ಹುಟ್ಟುತ್ತವೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಅಂತರ್ಜಾಲದಲ್ಲಿ ಕಾಣುವ ಪಟ್ಟಿಗಳಲ್ಲಿ ಕೆಲವು ಸರಾಸರಿ ಮಗುವಿನದು, ಕೆಲವು ಕೆಳಗಿನ ಗಡಿಯವು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯು 2022ರಲ್ಲಿ ತನ್ನ ಪಟ್ಟಿಯನ್ನು ತಿದ್ದಿ, ನೂರಕ್ಕೆ 75 ಅಥವಾ ಹೆಚ್ಚು ಮಕ್ಕಳು ತಲುಪಿರುವ ವಯಸ್ಸನ್ನೇ ಬರೆಯಲು ಆರಂಭಿಸಿತು. ಹಾಗಾಗಿ ಐವತ್ತು ಮಾತು ಎಂಬುದು ಅಲ್ಲಿ 30 ತಿಂಗಳ ಎದುರಿಗೆ ಬಂದಿದೆ. ಅದು ಎಲ್ಲ ಮಕ್ಕಳೂ ನಿಧಾನವಾದರು ಎಂದಲ್ಲ, ಗೆರೆ ಎಳೆಯುವ ಕ್ರಮ ಬದಲಾಯಿತು ಎಂದು. ನಮ್ಮ ವೃತ್ತಿಯ ಹಲವರು ಆ ಬದಲಾವಣೆಯನ್ನು ಒಪ್ಪಿಲ್ಲ. ನಾನೂ ಒಪ್ಪುವುದಿಲ್ಲ, ಏಕೆಂದರೆ ಅದನ್ನೇ ಹಿಡಿದು ಆರು ತಿಂಗಳು ಹೆಚ್ಚು ಕಾಯುವವರನ್ನು ಕಂಡಿದ್ದೇನೆ.

ನಿಮ್ಮ ಮಗನ ಹದಿನಾಲ್ಕು ಮಾತು ಈ ವಯಸ್ಸಿಗೆ ಕಡಿಮೆಯೇ. ಗಾಬರಿಪಡುವಂಥದ್ದಲ್ಲ, ಆದರೆ ಮೂರು ವರ್ಷದವರೆಗೆ ಕಾಯುವಂಥದ್ದೂ ಅಲ್ಲ. ಮೊದಲ ಕೆಲಸ ಕಿವಿಯ ಪರೀಕ್ಷೆ. ಗಂಡು ಮಕ್ಕಳ ಮಾತು ನಿಜಕ್ಕೂ ಸರಾಸರಿಯಲ್ಲಿ ಸ್ವಲ್ಪ ಹಿಂದೆ, ಆದರೆ ಆ ಅಂತರ ಒಂದೆರಡು ತಿಂಗಳಿನದು. ಒಂದು ವರ್ಷವನ್ನು ಅದರ ಲೆಕ್ಕಕ್ಕೆ ಬರೆಯಲಾಗದು. ಒಂದು ಪ್ರಶ್ನೆ: ನೀವು ಕೈ ತೋರಿಸದೆ, ಕಣ್ಣಿನಿಂದಲೂ ಸೂಚಿಸದೆ, "ಚೆಂಡು ಎಲ್ಲಿ? ತಗೊಂಡು ಬಾ" ಎಂದರೆ ತರುತ್ತಾನೆಯೇ?

ಧಾರವಾಡದ ಅಜ್ಜಿ

ನಾನು ಆರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು. ಓದಿದ್ದು ಏಳನೆಯ ಇಯತ್ತೆ. ಚಿಕಿತ್ಸಕಿಯವರ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಸಂಗತಿ ಹೇಳಬೇಕು. ಈಗಿನ ತಾಯಂದಿರು ಕೂಸಿನ ಮುಂದೆ "ಬುವ್ವ", "ಜೋಜೋ" ಎನ್ನಲು ನಾಚುತ್ತಾರೆ. ಶುದ್ಧವಾಗಿ ಮಾತನಾಡಿದರೆ ಕೂಸು ಶುದ್ಧವಾಗಿ ಕಲಿಯುತ್ತದೆ ಎಂದು ಯಾರೋ ಹೇಳಿದ್ದಾರಂತೆ. ನಮ್ಮ ಕಾಲದಲ್ಲಿ ಕೂಸಿಗೆ ಎಣ್ಣೆ ಹಚ್ಚುವಾಗ ಕೈ ಎತ್ತಿದರೆ ಕೈಯ ಮಾತು, ಕಾಲು ನೀವಿದರೆ ಕಾಲಿನ ಮಾತು, ನೀರು ಹಾಕಿದರೆ ನೀರಿನ ಹಾಡು. ಅರ್ಧ ತಾಸು ಎರೆಯುವುದರಲ್ಲಿ ಕೂಸು ನೂರು ಮಾತು ಕೇಳುತ್ತಿತ್ತು, ಅದೂ ತನ್ನ ಮೈಗೆ ತಾಗಿದ ಮಾತು. ಈಗ ಎರೆಯುವವರು ಬೇರೆ, ಉಣಿಸುವವರು ಬೇರೆ, ಉಣಿಸುವಾಗ ಎದುರಿಗೆ ಮೊಬೈಲು.

ಬಜೆಯ ಬಗ್ಗೆ: ನಮ್ಮಲ್ಲಿ ಎಲ್ಲ ಕೂಸುಗಳಿಗೂ ಬಜೆ ಸುಟ್ಟು, ತೇಯ್ದು ನೆಕ್ಕಿಸಿದ್ದೇವೆ. ಯಾವ ಕೂಸಿಗೂ ಕೇಡಾಗಿಲ್ಲ. ಅದನ್ನು ಮೂಢನಂಬಿಕೆ ಎನ್ನುವವರು ಕೊಂಚ ತಡೆದು ಮಾತನಾಡಲಿ.

ವಾಕ್ ಚಿಕಿತ್ಸಕಿ, ಮೈಸೂರು

ಅಜ್ಜಿಯವರೇ, ಎರೆಯುವಾಗಿನ ಮಾತಿನ ಬಗ್ಗೆ ನೀವು ಬರೆದದ್ದನ್ನು ನನ್ನಲ್ಲಿಗೆ ಬರುವ ತಂದೆತಾಯಿಯರಿಗೆ ಓದಿ ಹೇಳಬೇಕೆನಿಸಿತು. ಎಳೆದು, ರಾಗವಾಗಿ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವ ಧಾಟಿ ಮಗುವಿನ ಗಮನವನ್ನು ಹಿಡಿಯುತ್ತದೆ ಎಂಬುದು ಹಲವು ಭಾಷೆಗಳಲ್ಲಿ ಕಂಡುಬಂದಿದೆ. "ಬುವ್ವ", "ತಾತ", "ಮಾಮ" ಇವೆಲ್ಲ ತುಟಿ ಮತ್ತು ಹಲ್ಲಿನ ಸುಲಭದ ದನಿಗಳಿಂದ ಆದವು, ಸ್ವರದಲ್ಲಿ ಮುಗಿಯುವವು. ಮಗುವಿನ ಬಾಯಿಗೆ ಅಳತೆ ತೆಗೆದು ಹೊಲಿದಂತಿವೆ. ಅವುಗಳಿಂದ ಮಾತು ಕೆಡುವುದಿಲ್ಲ.

ಬಜೆಯ ವಿಷಯದಲ್ಲಿ ಮಾತ್ರ ನಿಮ್ಮ ಮಾತಿಗೆ ಒಪ್ಪಲಾರೆ, ಕ್ಷಮಿಸಿ. ಅದರಲ್ಲಿರುವ ಅಸರೋನ್ ಎಂಬ ಅಂಶ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹಾನಿಕರ ಎಂದು ಕಂಡುಬಂದದ್ದರಿಂದ ಅಮೆರಿಕವು 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡವೆನ್ನುವುದು ವೈದ್ಯರ ಸಾಮಾನ್ಯ ಸಲಹೆ. ಮೇಲಾಗಿ, ಮಾತು ತಡವಾಗುವುದಕ್ಕೆ ಕಾರಣ ನಾಲಗೆಯಲ್ಲಿರುವುದು ಬಹಳ ಕಡಿಮೆ. ನಾಲಗೆಯ ಕೆಳಗಿನ ಪೊರೆ ಗಿಡ್ಡವಾಗಿದ್ದರೆ ಎಳೆಗೂಸು ಹಾಲು ಕುಡಿಯಲು ಕಷ್ಟಪಡಬಹುದು, ಮುಂದೆ ಒಂದೆರಡು ಅಕ್ಷರ ತಿದ್ದಬೇಕಾಗಬಹುದು. ಅದರಿಂದ ಮಗುವಿಗೆ ಪದಗಳೇ ಬಾರದಂತೆ ಆಗುವುದಿಲ್ಲ.

ಶ್ರವಣಯಂತ್ರದ ತಾಯಿ

ಕಿವಿಯ ಪರೀಕ್ಷೆ ಎಂಬ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮಗಳು ಬಾಗಿಲು ಬಡಿದರೆ ಬೆಚ್ಚುತ್ತಿದ್ದಳು, ರಸ್ತೆಯಲ್ಲಿ ಲಾರಿ ಬಂದರೆ ಓಡಿಹೋಗಿ ನೋಡುತ್ತಿದ್ದಳು, ಬೆನ್ನ ಹಿಂದೆ ತಟ್ಟೆ ಬಡಿದರೆ ತಿರುಗುತ್ತಿದ್ದಳು. ಆದ್ದರಿಂದ ಕಿವಿ ಕೇಳುತ್ತದೆ ಎಂದು ನಾವೂ ನಂಬಿದೆವು, ನೋಡಿದ ವೈದ್ಯರೂ ನಂಬಿದರು. ಅವಳ ಮಾತು ಮಾತ್ರ ಎರಡೂವರೆ ವರ್ಷಕ್ಕೂ ಸ್ವರಗಳ ಮಾತಾಗಿತ್ತು: "ಸೀರೆ"ಗೆ "ಈಯೆ", "ಚಪಾತಿ"ಗೆ "ಅಆಇ". ಮುದ್ದು ಮಾತು ಎಂದು ನಗುತ್ತಿದ್ದೆವು.

ಕೊನೆಗೆ ಬೇರೊಂದು ಊರಿನಲ್ಲಿ, ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುವುದನ್ನು ಅಳೆಯುವ ಬೇರಾ ಪರೀಕ್ಷೆ ಮಾಡಿಸಿದಾಗ ತಿಳಿಯಿತು, ಅವಳಿಗೆ ದಪ್ಪನೆಯ ಸದ್ದುಗಳು ಕೇಳುತ್ತವೆ, ಸಣ್ಣನೆಯ ತೀಕ್ಷ್ಣ ಸದ್ದುಗಳು ಕೇಳುವುದಿಲ್ಲ. ಸ, ಶ, ಚ ಇವುಗಳ ಜೀವ ಇರುವುದೇ ಆ ತೀಕ್ಷ್ಣ ಸದ್ದಿನಲ್ಲಂತೆ. ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ ಎಂದು ಎರಡೂವರೆ ವರ್ಷ ನಮಗೆ ಯಾರೂ ಹೇಳಲಿಲ್ಲ. ಈಗ ಅವಳಿಗೆ ಆರು ವರ್ಷ, ಎರಡೂ ಕಿವಿಗೆ ಯಂತ್ರವಿದೆ, ವಾದ ಮಾಡುತ್ತಾಳೆ. ಆದರೂ ಕಳೆದುಹೋದ ಆ ಎರಡೂವರೆ ವರ್ಷದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ವಾಕ್ ಚಿಕಿತ್ಸಕಿ, ಮೈಸೂರು

ನಿಮ್ಮ ಸಿಟ್ಟು ನ್ಯಾಯವಾದದ್ದು. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಯಂತ್ರ ಅಥವಾ ಚಿಕಿತ್ಸೆ, ಇದು ಜಗತ್ತಿನಾದ್ಯಂತ ಒಪ್ಪಿರುವ ಗುರಿ. ಮಲಗಿರುವ ಎಳೆಗೂಸಿನ ಕಿವಿಯಲ್ಲಿ ಸಣ್ಣ ಬಿರಟೆಯಿಟ್ಟು ಕೆಲವೇ ನಿಮಿಷಗಳಲ್ಲಿ ಮಾಡುವ ಒಎಇ ಪರೀಕ್ಷೆ ನೋಯುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡೂ ಸೇರಿದೆ. ಅಂಗನವಾಡಿಯ ಮೂಲಕವೇ ಮಗುವನ್ನು ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬಹುದು.

ಹುಟ್ಟಿದಾಗ ಪರೀಕ್ಷೆಯಲ್ಲಿ ಸರಿಯಿದ್ದರೂ ಮತ್ತೆ ನೋಡಿಸಬೇಕಾಗಬಹುದು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ತುಂಬಿ, ಕೆಲವು ವಾರ ಮಂದವಾಗಿ ಕೇಳಿ, ಆಮೇಲೆ ಸರಿಹೋಗಿ, ಮತ್ತೆ ಮಂದವಾಗುವುದುಂಟು. ಕಿವಿಗೆ ಕಾಯಿಸಿದ ಎಣ್ಣೆ ಬಿಡುವುದು ಇದಕ್ಕೆ ಪರಿಹಾರವಲ್ಲ.

ಭಾಷಾವಿಜ್ಞಾನದ ವಿದ್ಯಾರ್ಥಿ

ಕಾಯಿಲೆಯ ಮಾತಿನ ನಡುವೆ, ಸರಿಯಾಗಿ ಬೆಳೆಯುತ್ತಿರುವ ಮಗು ಎಷ್ಟು ದೊಡ್ಡ ಕೆಲಸ ಮಾಡುತ್ತಿದೆ ಎಂಬುದನ್ನೂ ನೋಡೋಣ. ಕನ್ನಡದಲ್ಲಿ "ಕತ್ತು" ಬೇರೆ, "ಕಟ್ಟು" ಬೇರೆ. ಇಂಗ್ಲಿಷ್ ಮಾತನಾಡುವ ದೊಡ್ಡವರ ಕಿವಿಗೆ ಈ ತ ಮತ್ತು ಟ ಸುಲಭವಾಗಿ ಬೇರ್ಪಡುವುದಿಲ್ಲ. ಆದರೆ ಕೆನಡಾದ ವರ್ಕರ್ ಮತ್ತು ಟೀಸ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ಇಂಥದೇ ಜೋಡಿಯನ್ನು ಗುರುತಿಸಿದವು. ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಬಹುಪಾಲು ಕುಂದಿತ್ತು. ಅಂದರೆ ಮೊದಲ ಮಾತು ಬರುವ ಮುನ್ನವೇ ಮಗು ತನ್ನ ಮನೆಯ ದನಿಗಳು ಯಾವುವು ಎಂದು ಆರಿಸಿಕೊಂಡು ಕುಳಿತಿರುತ್ತದೆ.

ಬಾಯಿ ಮಾತ್ರ ಕಿವಿಗಿಂತ ನಿಧಾನ. ಪ, ಬ, ಮ, ತ, ದ, ನ ಮೊದಲು. ಸ, ಶ, ರ, ಳ ತಡವಾಗಿ. ಕಾಗೆ "ತಾಗೆ"ಯಾಗುವುದು, ರಾಮ "ಲಾಮ"ನಾಗುವುದು, ಪುಸ್ತಕ "ಪುತ್ತಕ"ವಾಗುವುದು ಎಲ್ಲವೂ ಕ್ರಮಬದ್ಧವಾದ ಸರಳೀಕರಣಗಳು. ನನ್ನ ಅಕ್ಕನ ಮಗಳು ಕುದುರೆಗೆ "ತುದುಲೆ" ಎನ್ನುತ್ತಿದ್ದಳು, ನಾನೂ "ತುದುಲೆ" ಎಂದರೆ ಕೋಪಗೊಂಡು "ತುದುಲೆ ಅಲ್ಲ, ತುದುಲೆ!" ಎಂದು ತಿದ್ದುತ್ತಿದ್ದಳು. ಅವಳ ಕಿವಿಯಲ್ಲಿ ಸರಿಯಾದ ಕುದುರೆಯೇ ಇತ್ತು.

ವ್ಯಾಕರಣದ ತಪ್ಪುಗಳಂತೂ ಇನ್ನೂ ಸೊಗಸು. ಮೂರು ವರ್ಷಕ್ಕೆ ಅವಳು "ನಾನು ಕೊಡಿದೆ", "ಅಜ್ಜಿ ತರಿದ್ರು" ಎನ್ನತೊಡಗಿದಳು. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ಆದ್ದರಿಂದ ಅದು ಕೇಳಿ ಕಲಿತದ್ದಲ್ಲ. ನೋಡು-ನೋಡಿದೆ, ಮಾಡು-ಮಾಡಿದೆ ಎಂಬುದರಿಂದ ತಾನೇ ಒಂದು ನಿಯಮ ತೆಗೆದು, ಕೊಡು-ಕೊಟ್ಟೆ, ತರು-ತಂದೆ ಎಂಬ ಒರಟು ಜೋಡಿಗಳನ್ನು ಆ ನಿಯಮಕ್ಕೆ ಬಗ್ಗಿಸಿದ್ದಳು. ಅವಳು "ಅಪ್ಪ ಬಂತು" ಎಂದಾಗ ಮನೆಯವರೆಲ್ಲ ನಕ್ಕರು. ಆದರೆ "ಪಾಪು ಬಂತು, ಪಾಪು ಅಳುತ್ತೆ" ಎಂದು ಅವಳನ್ನು ಎರಡು ವರ್ಷ ನಪುಂಸಕಲಿಂಗದಲ್ಲೇ ಕರೆದವರು ನಾವೇ ಅಲ್ಲವೇ?

ಕನ್ನಡದ ಮಕ್ಕಳ ಮೇಲೆಯೇ ನಡೆದ ಒಂದು ಅಧ್ಯಯನವೂ ಇದೆ. ಲಿಡ್ಜ್ ಮತ್ತು ಗ್ಲೀಟ್ಮನ್ ದಂಪತಿ 2003ರಲ್ಲಿ ಪ್ರಕಟಿಸಿದ್ದು. "ಏರು" ಎಂಬುದಕ್ಕೆ "‑ಇಸು" ಸೇರಿಸಿ "ಏರಿಸು" ಎಂದರೆ ಮತ್ತೊಬ್ಬರಿಂದ ಮಾಡಿಸಿದ್ದು ಎಂದು ನಮಗೆ ತಿಳಿಯುತ್ತದೆ. ಮೂರು ವರ್ಷದ ಮಕ್ಕಳಿಗೆ ವಾಕ್ಯ ಹೇಳಿ ಆಟಿಕೆಗಳಿಂದ ಆಡಿಸಿ ತೋರಿಸಲು ಕೇಳಿದಾಗ, ಅವರು ಈ "‑ಇಸು"ವನ್ನು ನೆಚ್ಚಲಿಲ್ಲ. ವಾಕ್ಯದಲ್ಲಿ ಎಷ್ಟು ಜನರ ಹೆಸರಿದೆ ಎಂಬುದನ್ನು ಎಣಿಸಿ ಅರ್ಥ ಮಾಡಿಕೊಂಡರು. ಕನ್ನಡದ ಮಗುವಿಗೂ ಪ್ರತ್ಯಯ ಆಮೇಲೆ, ವಾಕ್ಯದ ಆಕಾರ ಮೊದಲು.

ವಾಕ್ ಚಿಕಿತ್ಸಕಿ, ಮೈಸೂರು

ಚೆನ್ನಾಗಿ ಬರೆದಿದ್ದೀರಿ. ಪೋಷಕರಿಗಾಗಿ ಒಂದೇ ಮಾತು ಸೇರಿಸುತ್ತೇನೆ: "ಕೊಡಿದೆ" ಎಂದಾಗ "ತಪ್ಪು, ಸರಿಯಾಗಿ ಹೇಳು" ಎನ್ನುವುದಕ್ಕಿಂತ "ಹೌದಾ, ಕೊಟ್ಟೆಯಾ? ಯಾರಿಗೆ ಕೊಟ್ಟೆ?" ಎಂದು ಮಾತು ಮುಂದುವರಿಸಿ. ಮೂರು ವರ್ಷಕ್ಕೆ ಹೊರಗಿನವರಿಗೆ ಮಗುವಿನ ಮಾತಿನ ಮುಕ್ಕಾಲು ಭಾಗ ತಿಳಿದರೆ ಸಾಕು, ನಾಲ್ಕಕ್ಕೆ ಬಹುತೇಕ ಎಲ್ಲವೂ ತಿಳಿಯಬೇಕು. ಆಗಲೂ ರ, ಳ ತೊದಲಬಹುದು.

ನ್ಯೂಜೆರ್ಸಿಯ ಅಪ್ಪ

ಭಾಷೆಯ ವಿಷಯಕ್ಕೆ ಬರುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ನಮ್ಮ ಮಗನ ಮಾತು ತಡವಾದಾಗ, ಇಲ್ಲಿಯ ಒಂದು ಶಾಲೆಯವರು ಮನೆಯಲ್ಲಿ ಇಂಗ್ಲಿಷ್ ಮಾತ್ರ ಇರಲಿ ಎಂದರು, ನಾವು ಹಾಗೆಯೇ ಮಾಡಿದೆವು. ನನ್ನ ಹೆಂಡತಿಗೆ ಇಂಗ್ಲಿಷಿನಲ್ಲಿ ಲೆಕ್ಕ ಬರೆಯಲು ಬರುತ್ತಿತ್ತು, ಮುದ್ದು ಮಾಡಲು ಬರುತ್ತಿರಲಿಲ್ಲ. ಮನೆಯಲ್ಲಿ ಮಾತೇ ಕಡಿಮೆಯಾಯಿತು. ಮಗನ ಇಂಗ್ಲಿಷ್ ತನ್ನ ಹೊತ್ತಿಗೆ ತಾನು ಬಂತು, ಕನ್ನಡ ಬಿಟ್ಟದ್ದರಿಂದ ಬೇಗ ಬಂತೆಂದು ನನಗೆ ಅನ್ನಿಸುವುದಿಲ್ಲ. ಈಗ ಅವನು ಫೋನಿನಲ್ಲಿ ಶಿವಮೊಗ್ಗದ ಅಜ್ಜಿಗೆ "ಊಟ ಆಯ್ತಾ" ಎಂದು ಕೇಳುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ತುಳು ಬಿಡಬೇಡಿ ತಂಗಿ.

ವಾಕ್ ಚಿಕಿತ್ಸಕಿ, ಮೈಸೂರು

ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಒಂದೊಂದು ಭಾಷೆಯಲ್ಲಿ ಪದಗಳು ಕಡಿಮೆ ಕಾಣಬಹುದು, ಆದರೆ ಲೆಕ್ಕ ಹಾಕಬೇಕಾದದ್ದು ಎಲ್ಲವನ್ನೂ ಕೂಡಿಸಿ. ನಿಮ್ಮ ಹಾಳೆಯಲ್ಲಿ ಪುಚ್ಚೆ, ಪಾಲ್ ಎರಡನ್ನೂ ಸೇರಿಸಿದ್ದು ಸರಿಯಾದ ಕ್ರಮ. "ಅಂಬಾ", "ಕಾಕಾ" ಕೂಡ, ಅದೇ ಪ್ರಾಣಿಗೆ ಅದೇ ಸದ್ದನ್ನು ತಪ್ಪದೆ ಬಳಸುತ್ತಿದ್ದರೆ, ಮಾತುಗಳೇ. ಅದೇ ಕಾರಣಕ್ಕೆ, ತಡವಾದರೆ "ಭಾಷೆ ಹೆಚ್ಚಾಯಿತು" ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇಲ್ಲ.

ತುಮಕೂರಿನವರು

ನಮ್ಮ ಮೊಮ್ಮಗನಿಗೆ ಮೂರು ವರ್ಷ, ಚೆನ್ನಾಗಿಯೇ ಮಾತನಾಡುತ್ತಿದ್ದವನು ಈಗ ಒಂದು ತಿಂಗಳಿನಿಂದ "ನಂಗೆ ನಂಗೆ ನಂಗೆ ಬೇಕು" ಎಂದು ಉಗ್ಗುತ್ತಿದ್ದಾನೆ. ಯಾರನ್ನೋ ಅಣಕಿಸಿ ಹತ್ತಿಸಿಕೊಂಡಿದ್ದಾನೆ ಎಂದು ಮನೆಯಲ್ಲಿ ಗದರುತ್ತಿದ್ದೇವೆ. ಇನ್ನೊಂದು, ಮೊಬೈಲಿನ ಹಾಡು ನೋಡಿ ಇಂಗ್ಲಿಷ್ ಬಣ್ಣಗಳ ಹೆಸರೆಲ್ಲ ಕಲಿತಿದ್ದಾನೆ, ಅದು ಒಳ್ಳೆಯದಲ್ಲವೇ?

ವಾಕ್ ಚಿಕಿತ್ಸಕಿ, ಮೈಸೂರು

ದಯವಿಟ್ಟು ಗದರಬೇಡಿ. ಎರಡರಿಂದ ಐದು ವರ್ಷದೊಳಗೆ, ಹೇಳಬೇಕಾದದ್ದು ಬಾಯಿಗಿಂತ ಮುಂದೆ ಓಡುವ ಕಾಲದಲ್ಲಿ, ಇಡೀ ಪದವನ್ನು ಮರುಕಳಿಸುವುದು ಬಹಳ ಮಕ್ಕಳಲ್ಲಿ ಕಾಣುತ್ತದೆ ಮತ್ತು ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಅಣಕಿಸಿದ್ದರಿಂದ ಉಗ್ಗು ಹತ್ತುವುದಿಲ್ಲ. "ನ-ನ-ನ" ಎಂದು ಅಕ್ಷರವೇ ಮುರಿಯುವುದು, ಉಸಿರು ಕಟ್ಟುವುದು, ಮಾತನಾಡುವಾಗ ಮುಖ ಹಿಂಡುವುದು, ಅಥವಾ ಆರು ತಿಂಗಳಾದರೂ ಹೋಗದಿರುವುದು ಕಂಡರೆ ಕರೆತನ್ನಿ. ಅಲ್ಲಿಯವರೆಗೆ ಅವನು ಮುಗಿಸುವ ತನಕ ಕಾದು ಕೇಳಿ.

ಮೊಬೈಲಿನ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯು ಎರಡು ವರ್ಷ ತುಂಬುವ ತನಕ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎನ್ನುತ್ತದೆ. ಬಣ್ಣದ ಹೆಸರು ಒಪ್ಪಿಸುವುದು ಬಾಯಿಪಾಠ. "ಕೆಂಪು ಲೋಟ ಬೇಡ, ಹಳದಿಯದು ಕೊಡು" ಎಂದರೆ ಮಾತು.

ಪುತ್ತೂರಿನ ಮಗಳು

ಎಲ್ಲರಿಗೂ ಕೃತಜ್ಞತೆಗಳು, ಎರಡು ದಿನ ತಡವಾಗಿ ಉತ್ತರಿಸುತ್ತಿದ್ದೇನೆ. ಚೆಂಡು ತರಲು ಹೇಳಿ ನೋಡಿದೆ. ನಾನು ಕನ್ನಡದಲ್ಲಿ ಹೇಳಿದಾಗ ತಂದ, ನನ್ನ ಅಮ್ಮ ಫೋನಿನಲ್ಲಿ ತುಳುವಿನಲ್ಲಿ ಹೇಳಿದಾಗ ಚಪ್ಪಲಿ ತಂದ, ಪಿಸುದನಿಯಲ್ಲಿ ಹೇಳಿದಾಗ ಸುಮ್ಮನೆ ಕುಳಿತಿದ್ದ. ಕೇಳಿಸಲಿಲ್ಲವೋ ಮನಸ್ಸಿರಲಿಲ್ಲವೋ ತಿಳಿಯಲಿಲ್ಲ. ಬೆರಳು ತೋರಿಸುತ್ತಾನೆ, ತೋರಿಸಿ ನಮ್ಮ ಮುಖವನ್ನೂ ನೋಡುತ್ತಾನೆ. ಆಯಾರನ್ನು ಕೇಳಿದಾಗ, ನಾನು ಒಮ್ಮೆಯೂ ಕೇಳಿರದ ಏಳು ತಮಿಳು ಮಾತುಗಳನ್ನು ಅವರು ಹೇಳಿದರು. ಹಾಳೆಯಲ್ಲಿ ಈಗ ಇಪ್ಪತ್ತೊಂದಿದೆ. ನಾನು ಕಚೇರಿಯಲ್ಲಿರುವ ಹೊತ್ತಿನಲ್ಲಿ ಅವನು ಬೇರೆಯದೇ ಮಗುವೇನೋ ಎಂದು ಒಂದು ಕ್ಷಣ ಸಂಕಟವಾಯಿತು.

ಗುರುವಾರ ಕಿವಿಯ ಪರೀಕ್ಷೆಗೆ ಹೆಸರು ಬರೆಸಿದ್ದೇವೆ. ಅತ್ತೆಯವರಿಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ತಾವೂ ಬರುವುದಾಗಿ ಹೇಳಿದ್ದಾರೆ.

ನಿನ್ನೆ ರಾತ್ರಿ ಖಾಲಿ ಲೋಟವನ್ನು ತಲೆಕೆಳಗು ಹಿಡಿದು "ಪಾಲ್ ಟಾಟಾ" ಎಂದ. ಇದನ್ನು ಜೋಡಿ ಮಾತು ಎನ್ನಬಹುದೇ?

ವಾಕ್ ಚಿಕಿತ್ಸಕಿ, ಮೈಸೂರು

ಖಂಡಿತ ಎನ್ನಬಹುದು, ಅದೂ ಯಾರೂ ಹೇಳಿಕೊಡದ ಜೋಡಿ. ದಿನಾಂಕ ಹಾಕಿ ಅದೇ ಹಾಳೆಯಲ್ಲಿ ಬರೆದಿಡಿ, ಸಾಧ್ಯವಾದರೆ ಫೋನಿನಲ್ಲಿ ಅವನ ದನಿಯನ್ನೂ ಹಿಡಿದಿಡಿ, ಗುರುವಾರ ಎರಡನ್ನೂ ಪರೀಕ್ಷೆ ಮಾಡುವವರಿಗೆ ತೋರಿಸಿ. ಇಂಥ ಮಾತು ಇನ್ನು ನಾಲ್ಕು ಬಂದರೂ ಪರೀಕ್ಷೆಯನ್ನು ಮುಂದೂಡಬೇಡಿ.